ಮೈಸೂರಿನಲ್ಲಿ ಸರಿ, ಮಡಿಕೇರಿ ಏರಿನಲ್ಲಿ ಮತ್ತದೇ ಕಥೆ

ಪ್ರಶ್ನೆ: ಸರ್, ನಮಸ್ಕಾರ. ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಎರಡು ವರ್ಷದ ಹಿಂದೆ ಹೊಸ ಆಟೋಮ್ಯಾಟಿಕ್ ಕಾರು ತಗೊಂಡೆವು, ಏಳು ಗೇರಿನ ಡ್ಯುಯಲ್ ಕ್ಲಚ್. ಅಮ್ಮನಿಗೆ ಮಂಡಿನೋವು, ಆಗಾಗ ಮೈಸೂರಿಗೆ ಕರೆದುಕೊಂಡು ಹೋಗಬೇಕು, ಹೆಂಡತಿಯೂ ಓಡಿಸುತ್ತಾಳೆ, ಅದಕ್ಕೇ ಆಟೋಮ್ಯಾಟಿಕ್. ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಈಗ ನಿಧಾನವಾಗಿ ಏರು ಹತ್ತುವಾಗ ಗಾಡಿ ಜರ್ಕ್ ಹೊಡೆಯುತ್ತದೆ, ಆಮೇಲೆ ಗೇರ್‌ಬಾಕ್ಸ್ ಎಚ್ಚರಿಕೆ ಬಂದು ಎಳೆತವೇ ಹೋಗಿಬಿಡುತ್ತದೆ. ಬದಿಗೆ ಹಾಕಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಡುತ್ತದೆ. ಮೈಸೂರಿನ ಸರ್ವೀಸ್ ಸೆಂಟರಿಗೆ ಮೂರು ಸಲ ಕೊಟ್ಟಾಯಿತು. ಮೊದಲ ಸಲ ಸಾಫ್ಟ್‌ವೇರ್ ಅಪ್‌ಡೇಟ್, ಎರಡನೇ ಸಲ ‘ಕ್ಲಚ್ ಸೆಟ್ಟಿಂಗ್’, ಮೂರನೇ ಸಲ ‘ನಮಗೆ ಪ್ರಾಬ್ಲಂ ಸಿಗ್ತಾನೇ ಇಲ್ಲ ಸರ್’. ಪ್ರತಿ ಸಲವೂ ಕೆಲವು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಶುರು. ತುಲಾ ಸಂಕ್ರಮಣ ಕಳೆದ ಮೇಲೆ ಒಂದು ಭಾನುವಾರ ತಲಕಾವೇರಿಗೆ ಹೊರಟವರು ಏರಿನ ಮಧ್ಯದಲ್ಲೇ ನಿಂತುಬಿಟ್ಟೆವು, ಹಿಂದೆ ಬಸ್ಸು, ಒಳಗೆ ಅಮ್ಮ. ವಾರಂಟಿ ಇನ್ನು ಕೆಲವೇ ತಿಂಗಳು. ಇದು ನಮ್ಮ ರಸ್ತೆಗೆ ಆಗದ ಗಾಡಿಯಾ, ಅಥವಾ ನಮಗೆ ಸಿಕ್ಕಿದ್ದೇ ಕೆಟ್ಟ ಪೀಸಾ? ಮಾರಿಬಿಡಲಾ?
– ಓದುಗರು, ನಾಪೋಕ್ಲು

ಉತ್ತರ: ಮಾರುವ ಮಾತು ಆಮೇಲೆ. ವಾರಂಟಿ ಕೈಯಲ್ಲಿಟ್ಟುಕೊಂಡು ಮಾರಿದರೆ ನಷ್ಟ ನಿಮಗೆ, ತಲೆನೋವು ಇನ್ನೊಬ್ಬರಿಗೆ. ಪತ್ರ ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಗಾಡಿಗಿಂತ ಮೊದಲು ಬದಲಾಗಬೇಕಾದ್ದು ನೀವು ಅದನ್ನು ಸರ್ವೀಸಿಗೆ ಕೊಡುತ್ತಿರುವ ರೀತಿ. ಬೇಜಾರು ಮಾಡ್ಕೋಬೇಡಿ. ಏರಿನಲ್ಲಿ, ಬಿಸಿಯಾದಾಗ, ಆಮೆ ನಡಿಗೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷ ಇದು. ನೀವು ಕುಶಾಲನಗರ ದಾಟಿ, ಪಿರಿಯಾಪಟ್ಟಣ, ಹುಣಸೂರು ಅಂತ ಹೈವೇಯಲ್ಲಿ ಆರಾಮಾಗಿ ಓಡಿಸಿಕೊಂಡು ಹೋಗಿ ಕೀ ಕೊಡುತ್ತೀರಿ. ಅವರು ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದು ವಾಪಸ್ ತಂದು ನಿಲ್ಲಿಸುತ್ತಾರೆ. ಸಿಗುವುದಾದರೂ ಹೇಗೆ?

ಒಳಗೆ ಏನಾಗುತ್ತಿರಬಹುದು ನೋಡೋಣ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್ ಇರುತ್ತವೆ. 1, 3, 5, 7ನೇ ಗೇರಿಗೆ ಒಂದು, 2, 4, 6ಕ್ಕೆ ಇನ್ನೊಂದು. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ರೆಡಿಯಾಗಿ ಕೂತಿರುತ್ತದೆ, ಅದಕ್ಕೇ ಹೈವೇಯಲ್ಲಿ ಗೇರ್ ಬದಲಾಗಿದ್ದೇ ಗೊತ್ತಾಗಲ್ಲ. ಆದರೆ ಗಾಡಿ ನಿಂತಲ್ಲಿಂದ ಹೊರಡುವಾಗ, ತೆವಳುವಾಗ, ಕ್ಲಚ್ ಅರ್ಧ ಹಿಡಿದು ಅರ್ಧ ಜಾರಲೇಬೇಕು. ಮ್ಯಾನುಯಲ್ ಗಾಡಿಯಲ್ಲಿ ನಾವು ‘ಹಾಫ್ ಕ್ಲಚ್’ ಕೊಡುತ್ತೇವಲ್ಲ, ಅದೇ ಕೆಲಸವನ್ನು ಇಲ್ಲಿ ಕಂಪ್ಯೂಟರ್ ಮಾಡುತ್ತದೆ. ಹಾಗೆ ಜಾರಿದಾಗೆಲ್ಲ ಬಿಸಿ. ಇದರಲ್ಲಿ ಡ್ರೈ, ವೆಟ್ ಅಂತ ಎರಡು ಬಗೆ. ವೆಟ್ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಬಿಸಿಯನ್ನು ಎಣ್ಣೆ ಹೊತ್ತೊಯ್ಯುತ್ತದೆ. ಡ್ರೈ ಕ್ಲಚ್ಚಿಗೆ ಗಾಳಿಯೇ ಗತಿ. ನಿಮ್ಮದು ಯಾವುದು ಅಂತ ಬರೆದಿಲ್ಲ, ಸರ್ವೀಸ್ ಅಡ್ವೈಸರನ್ನು ಕೇಳಿ ತಿಳಿದುಕೊಳ್ಳಿ. ಲಕ್ಷಣ ನೋಡಿದರೆ ನನ್ನ ಅನುಮಾನ ಡ್ರೈ ಕಡೆಗೇ.

ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್, ಪೂರ್ತಿ ಏರು. ಜಾತ್ರೆ ತಿಂಗಳ ಭಾನುವಾರ ಆ ಏರಿನಲ್ಲಿ ಹತ್ತು ಅಡಿ ಹೋಗು, ನಿಲ್ಲು, ಮತ್ತೆ ಹತ್ತು ಅಡಿ. ಒಳಗೆ ಐದು ಜನ, ಎಸಿ ಬೇರೆ. ಕ್ಲಚ್ ಬಿಸಿ ಒಂದು ಮಟ್ಟ ದಾಟಿದ ಕೂಡಲೇ ಕಂಪ್ಯೂಟರ್ ಮೊದಲು ಜರ್ಕ್ ಕೊಟ್ಟೋ, ಎಚ್ಚರಿಕೆ ತೋರಿಸಿಯೋ ಹೇಳುತ್ತದೆ, ಕೇಳದಿದ್ದರೆ ಕ್ಲಚ್ ಬಿಡಿಸಿಬಿಡುತ್ತದೆ. ಕ್ಲಚ್ ಸುಡದಿರಲಿ ಅಂತ ಮಾಡಿದ ಏರ್ಪಾಡು ಅದು. ತಣ್ಣಗಾದ ಮೇಲೆ ಎಲ್ಲ ಸರಿ. ಹಾಗಾಗಿ ತಲಕಾವೇರಿ ಏರಿನಲ್ಲಿ ಒಂದು ಸಲ ನಿಂತಿದ್ದನ್ನು ಮಾತ್ರ ಹಿಡಿದುಕೊಂಡು ‘ಕೆಟ್ಟ ಪೀಸ್’ ಅನ್ನಲು ಬರಲ್ಲ.

ಆದರೆ ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲು ಇದೆ, ನನಗೆ ಅದೇ ಮುಖ್ಯ. ಮೊದಲ ವರ್ಷ ಇದೇ ರಸ್ತೆ, ಇದೇ ಜನ, ಏನೂ ತೊಂದರೆ ಇರಲಿಲ್ಲ. ‘ಕ್ಲಚ್ ಸೆಟ್ಟಿಂಗ್’ ಮಾಡಿದ ಮೇಲೂ ಕೆಲವು ದಿನ ಸರಿಯಾಗಿದ್ದು ಮತ್ತೆ ಕೆಟ್ಟಿತು. ಅವರು ಸೆಟ್ಟಿಂಗ್ ಅನ್ನುವುದು ಅಡಾಪ್ಟೇಶನ್ನಿಗೆ, ಅಂದರೆ ಕ್ಲಚ್ ಎಲ್ಲಿ ಹಿಡಿಯಲು ಶುರುಮಾಡುತ್ತದೆ ಅನ್ನುವ ಜಾಗವನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸುವುದು. ಸವೆತಕ್ಕೆ ತಕ್ಕಂತೆ ಒಮ್ಮೆ ಕಲಿಸಿದರೆ ಸಾಮಾನ್ಯವಾಗಿ ಬಹಳ ಕಾಲ ನಿಲ್ಲಬೇಕು. ಕೆಲವೇ ದಿನದಲ್ಲಿ ಆ ಜಾಗ ಮತ್ತೆ ತಪ್ಪುತ್ತಿದೆ ಅಂದರೆ, ಸಾಫ್ಟ್‌ವೇರ್ ದಾಟಿ ವಸ್ತುವನ್ನೇ ನೋಡಬೇಕು: ಕ್ಲಚ್ ಪ್ಯಾಕ್ ಬಿಸಿಗೆ ಹೊಳಪು ಬಂದು ಜಾರುತ್ತಿದೆಯಾ, ಅದನ್ನು ತಳ್ಳುವ ಆಕ್ಚುಯೇಟರ್ ಅಥವಾ ಮೆಕಾಟ್ರಾನಿಕ್ ಯೂನಿಟ್ (ಕ್ಲಚ್, ಗೇರ್ ಎರಡನ್ನೂ ಆಡಿಸುವ ಕಂಟ್ರೋಲ್ ಭಾಗ) ತಪ್ಪುತ್ತಿದೆಯಾ, ಸೆನ್ಸರ್ ಸುಳ್ಳು ಹೇಳುತ್ತಿದೆಯಾ. ಪತ್ರ ಓದಿ ಇಂಥದ್ದೇ ಅಂತ ಹೇಳಲಾರೆ. ಆದರೆ ನಾಲ್ಕನೇ ಸಲವೂ ‘ಸೆಟ್ಟಿಂಗ್ ಮಾಡಿದ್ದೀವಿ’ ಅಂದರೆ ಸುಮ್ನೆ ಕಾರು ತಗೊಂಡು ಬರಬೇಡಿ.

ಈಗ ಮಾಡಬೇಕಾದ್ದು. ಒಂದು ನೋಟ್‌ಬುಕ್ ಗಾಡಿಯಲ್ಲೇ ಇಡಿ. ಜರ್ಕ್ ಬಂದಾಗೆಲ್ಲ ತಾರೀಖು, ಓಡೋಮೀಟರ್ ರೀಡಿಂಗ್, ಜಾಗ, ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದಿರಿ, ಮಳೆಯಾ ಬಿಸಿಲಾ, ಯಾವ ಗೇರ್ ತೋರಿಸುತ್ತಿತ್ತು, ಪರದೆ ಮೇಲೆ ಬಂದ ಮಾತು ಅಕ್ಷರಶಃ ಏನು, ಎಷ್ಟು ಹೊತ್ತು ಬಿಟ್ಟ ಮೇಲೆ ಸರಿಹೋಯಿತು, ಇಷ್ಟು ಬರೆಯಿರಿ. ಪಕ್ಕದಲ್ಲಿ ಕೂತವರು ಮೊಬೈಲಲ್ಲಿ ವಿಡಿಯೊ ಮಾಡಲಿ, ಎಚ್ಚರಿಕೆ ಮತ್ತು ಓಡೋಮೀಟರ್ ಎರಡೂ ಕಾಣುವ ಹಾಗೆ. ಓಡಿಸುತ್ತಿರುವವರು ಮಾತ್ರ ಫೋನಿಗೆ ಕೈ ಹಾಕಬೇಡಿ, ನಮ್ಮ ತಿರುವುಗಳು ನಿಮಗೇ ಗೊತ್ತು.

ಇನ್ನೊಂದು, ಇದನ್ನು ಬಹಳ ಜನ ಮಾಡುತ್ತಾರೆ: ಊರಿನ ಮೆಕ್ಯಾನಿಕ್ ಹತ್ತಿರ ಹೋಗಿ ಸ್ಕ್ಯಾನರ್ ಹಾಕಿಸಿ ಎರರ್ ಅಳಿಸಿಬಿಡುವುದು, ಇಲ್ಲವೇ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕುವುದು. ಬೇಡ. ಎಚ್ಚರಿಕೆ ಬಂದ ಗಳಿಗೆಯಲ್ಲಿ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟುಕೊಂಡಿರುತ್ತದೆ, ಜೊತೆಗೆ ಆ ಕ್ಷಣದ ವೇಗ, ಇಂಜಿನ್ ಆರ್‌ಪಿಎಂ, ಬಿಸಿ ಇಂಥ ಮಾಹಿತಿ. ಪಿ0218 ಅಂದರೆ ಗೇರ್‌ಬಾಕ್ಸ್ ಅತಿಯಾಗಿ ಬಿಸಿಯಾಗಿದೆ, ಪಿ0730 ಅಂದರೆ ಗೇರ್ ಅನುಪಾತ ತಾಳೆಯಾಗುತ್ತಿಲ್ಲ, ಪಿ0700 ಅಂದರೆ ‘ಗೇರ್‌ಬಾಕ್ಸ್ ಕಂಪ್ಯೂಟರನ್ನು ಕೇಳಿ’ ಅನ್ನುವ ಸಾಮಾನ್ಯ ಸೂಚನೆ ಅಷ್ಟೇ. ಕಂಪನಿಯದೇ ಆದ ಕೋಡುಗಳು ಬೇರೆ ಇರುತ್ತವೆ. ಇದನ್ನೆಲ್ಲ ಅಳಿಸಿ ಮೈಸೂರಿಗೆ ಹೋದರೆ ಅವರ ಕಂಪ್ಯೂಟರಿಗೆ ಏನೂ ಕಾಣಲ್ಲ, ‘ಪ್ರಾಬ್ಲಂ ಇಲ್ಲ’ ಅನ್ನುತ್ತಾರೆ. ಓದಿಸಿ ಫೋಟೊ ತೆಗೆದುಕೊಂಡರೆ ತೊಂದರೆ ಇಲ್ಲ. ಅಳಿಸಬೇಡಿ, ಅಷ್ಟೇ.

ಹೋಗುವ ಮೊದಲು ಬ್ಯಾಟರಿ ಒಂದು ನೋಡಿಸಿ. ಗೇರ್‌ಬಾಕ್ಸ್ ಕಂಪ್ಯೂಟರಿಗೆ ಕರೆಂಟ್ ಕಡಿಮೆಯಾದರೆ ಏನೇನೋ ಎಚ್ಚರಿಕೆ ಕೊಡುತ್ತದೆ. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಗ್ಗೆ 12.6 ವೋಲ್ಟ್ ಹತ್ತಿರ ಇದ್ದರೆ ಚೆನ್ನಾಗಿದೆ, 12.2ಕ್ಕಿಂತ ಕೆಳಗಿದ್ದರೆ ಅರ್ಧ ಖಾಲಿ. ತೋಟದಿಂದ ನಾಪೋಕ್ಲು ಪೇಟೆ, ಪೇಟೆಯಿಂದ ತೋಟ, ಇಷ್ಟೇ ಓಡುವ ಗಾಡಿಗಳಲ್ಲಿ ಬ್ಯಾಟರಿ ತುಂಬಲು ಸಮಯವೇ ಸಿಗಲ್ಲ. ಹೊರಗಿನಿಂದ ಹಾಕಿಸಿದ ಫಾಗ್ ಲೈಟ್, ಜೋರು ಹಾರ್ನ್ ಇದ್ದು, ಅದಕ್ಕೆ ವೈರ್ ಕತ್ತರಿಸಿ ಜೋಡಿಸಿದ್ದರೆ ವಾರಂಟಿ ತಳ್ಳಿಹಾಕಲು ಅವರಿಗೆ ಅದೊಂದು ನೆಪ ಸಾಕು.

ಸರ್ವೀಸ್ ಸೆಂಟರಿನಲ್ಲಿ ಎಲ್ಲಕ್ಕಿಂತ ಮುಖ್ಯ ಜಾಬ್ ಕಾರ್ಡ್, ಅಂದರೆ ಗಾಡಿ ಕೊಡುವಾಗ ನಿಮ್ಮ ದೂರು ಬರೆದುಕೊಳ್ಳುವ ಕಾಗದ. ನೀವು ಅರ್ಧ ಗಂಟೆ ಕಥೆ ಹೇಳುತ್ತೀರಿ, ಅಡ್ವೈಸರ್ ತಲೆಯಾಡಿಸುತ್ತಾ ‘ಗೇರ್‌ಬಾಕ್ಸ್ ಜನರಲ್ ಚೆಕಪ್’ ಅಂತ ಟೈಪ್ ಮಾಡುತ್ತಾರೆ. ನಾಳೆ ಯಾರಾದರೂ ಕಾಗದ ನೋಡಿದರೆ ನೀವು ಚೆಕಪ್ಪಿಗೆ ಬಂದವರು, ದೂರು ಕೊಟ್ಟವರಲ್ಲ. ಸಹಿ ಹಾಕುವ ಮೊದಲು ಓದಿ. ‘ಏರಿನಲ್ಲಿ ನಿಧಾನ ಹೋಗುವಾಗ 2ರಿಂದ 1ನೇ ಗೇರಿಗೆ ಬರುವಲ್ಲಿ ಜರ್ಕ್, ನಂತರ ಗೇರ್‌ಬಾಕ್ಸ್ ಎಚ್ಚರಿಕೆ, ಎಳೆತ ಪೂರ್ತಿ ನಿಲ್ಲುತ್ತದೆ, ಆಫ್ ಮಾಡಿ ತಣ್ಣಗಾದ ಮೇಲೆ ಸರಿ, ಇದೇ ದೂರು ನಾಲ್ಕನೇ ಸಲ’ ಈ ರೀತಿ ನಿಮ್ಮ ಮಾತೇ ಬರಬೇಕು. ಗೇರಿನ ವಿಷಯದಲ್ಲಿ ನೀವು ನಿಜವಾಗಿ ನೋಡಿದ್ದನ್ನೇ ಬರೆಸಿ. ಬಿಲ್ಲಿನಲ್ಲಿ ಸಿಕ್ಕ ಕೋಡ್, ಸಾಫ್ಟ್‌ವೇರಿನ ಹಳೆ ಮತ್ತು ಹೊಸ ಆವೃತ್ತಿ, ಬದಲಿಸಿದ ಭಾಗ ಎಲ್ಲ ಇರಲಿ. ಏನೂ ಸಿಗಲಿಲ್ಲ ಅಂದರೆ ‘ಏನೂ ಸಿಗಲಿಲ್ಲ’ ಅಂತಲೇ ಬರೆದು ಕೊಡಲಿ. ಹಿಂದಿನ ಮೂರು ಸಲದ ಕಾಗದ ಇಲ್ಲದಿದ್ದರೆ ಈಗಲೇ ಕೇಳಿ ಪಡೆಯಿರಿ, ಅವರ ಕಂಪ್ಯೂಟರಿನಲ್ಲಿ ಗಾಡಿಯ ಸರ್ವೀಸ್ ಹಿಸ್ಟರಿ ಇದ್ದೇ ಇರುತ್ತದೆ.

ಮತ್ತೆ ಟೆಸ್ಟ್ ಡ್ರೈವ್. ರಿಂಗ್ ರೋಡ್ ಬೇಡ, ಚಾಮುಂಡಿ ಬೆಟ್ಟ ಹತ್ತಿಸಿ ಅಂತ ಪಟ್ಟು ಹಿಡಿಯಿರಿ. ಮೈಸೂರು ಸಮುದ್ರಮಟ್ಟದಿಂದ 770 ಮೀಟರಿನ ಆಸುಪಾಸು, ಬೆಟ್ಟದ ಮೇಲೆ ಸಾವಿರ ದಾಟುತ್ತದೆ. ನಮ್ಮ ಸಂಪಾಜೆ ಘಾಟಿಗೆ ಹೋಲಿಸಿದರೆ ಇದು ಏನೂ ಅಲ್ಲ, ಆದರೂ ನಾಲ್ಕು ಜನ ಕೂತು, ಎಸಿ ಹಾಕಿ, ನಡುನಡುವೆ ನಿಲ್ಲಿಸಿ ಹೊರಟು, ನಿಧಾನ ಹತ್ತಿಸಿದರೆ ಬಿಸಿ ಬಂದೇ ಬರುತ್ತದೆ. ಟೆಕ್ನಿಷಿಯನ್ ಸ್ಕ್ಯಾನರ್ ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂರಲಿ, ಸ್ಟೀರಿಂಗ್ ನಿಮ್ಮ ಕೈಯಲ್ಲಿ. ಭಾನುವಾರ, ಆಷಾಢ ಶುಕ್ರವಾರ ಬಿಟ್ಟು ಬೇರೆ ದಿನ ನೋಡಿಕೊಳ್ಳಿ. ಅಲ್ಲಿ ಸಿಗದಿದ್ದರೆ ಗಾಡಿಯನ್ನು ಬಿಟ್ಟು ಬನ್ನಿ, ಬದಲಿ ಕಾರು ಕೇಳಿ. ಕೊಡಲೇಬೇಕು ಅಂತ ಇಲ್ಲ, ಆದರೆ ಮತ್ತೆ ಮತ್ತೆ ಬರುವ ದೋಷಕ್ಕೆ ಕೆಲವು ಕಡೆ ಕೊಡುತ್ತಾರೆ. ಬಾಯಿ ಬಿಟ್ಟು ಕೇಳದಿದ್ದರೆ ಯಾರೂ ಕೊಡಲ್ಲ.

ಅವರು ಎರಡು ಮಾತು ಹೇಳಬಹುದು. ಒಂದು, ‘ನೀವು ಓಡಿಸುವ ರೀತಿ ಸರಿ ಇಲ್ಲ’. ಇದರಲ್ಲಿ ಒಂದಿಷ್ಟು ಸತ್ಯ ಇರಲೂಬಹುದು, ಅದಕ್ಕೆ ನೀವೇ ಮೊದಲು ಸರಿಮಾಡಿಕೊಂಡುಬಿಡಿ. ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್ ಒತ್ತಿ ನಿಲ್ಲಿಸಿಕೊಳ್ಳಬೇಡಿ, ಬ್ರೇಕಿನಲ್ಲಿ ನಿಲ್ಲಿಸಿ. ಮುಂದಿನ ಗಾಡಿಗೆ ಅಂಟಿಕೊಂಡು ಒಂದೊಂದು ಅಡಿ ತೆವಳಬೇಡಿ, ಜಾಗ ಬಿಟ್ಟು, ಒಂದೇ ಸಲ ಹೊರಟು, ಕ್ಲಚ್ ಪೂರ್ತಿ ಹಿಡಿಯುವಷ್ಟು ದೂರ ಹೋಗಿ ನಿಲ್ಲಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ಮ್ಯಾನುಯಲ್ ಮೋಡ್ ಇದ್ದರೆ ಏರಿನಲ್ಲಿ ಅದನ್ನು ಬಳಸಿ, 1 ಮತ್ತು 2ರ ನಡುವೆ ಅದು ತಡಕಾಡುವುದು ನಿಲ್ಲುತ್ತದೆ. ಹೀಗೆಲ್ಲ ಓಡಿಸಿದ ಮೇಲೂ, ಖಾಲಿ ರಸ್ತೆಯಲ್ಲೂ, ಹೊರಟ ಸ್ವಲ್ಪ ಹೊತ್ತಿಗೇ ಎಚ್ಚರಿಕೆ ಬಂದರೆ ಅವರ ಈ ವಾದ ಬಿದ್ದುಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆಯಿರಿ.

ಎರಡು, ‘ಕ್ಲಚ್ ಸವೆಯುವ ವಸ್ತು, ವಾರಂಟಿಗೆ ಬರಲ್ಲ’. ವಾರಂಟಿ ಪುಸ್ತಕದಲ್ಲಿ ಏನಿದೆ ಓದಿ, ಕಂಪನಿಯಿಂದ ಕಂಪನಿಗೆ ಬೇರೆ. ಕಾಲಲ್ಲಿ ಒತ್ತುವ ಕ್ಲಚ್ ಬಗ್ಗೆ ಆ ಮಾತು ಸರಿ. ಇಲ್ಲಿ ಕ್ಲಚ್ ಎಷ್ಟು ಜಾರಬೇಕು ಅಂತ ತೀರ್ಮಾನ ಮಾಡುವುದು ಅವರದೇ ಸಾಫ್ಟ್‌ವೇರ್, ನಿಮಗೆ ಪೆಡಲ್ಲೇ ಕೊಟ್ಟಿಲ್ಲ! ಇದನ್ನು ಬರವಣಿಗೆಯಲ್ಲಿ ಕೇಳಿ.

ಡೀಲರ್ ಹಂತದಲ್ಲೇ ಸುತ್ತಾಡಬೇಡಿ. ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಕೂಡ ಹಾಕಿ, ಚಾಸಿ ನಂಬರ್, ಎಲ್ಲ ಜಾಬ್ ಕಾರ್ಡಿನ ಪ್ರತಿ, ವಿಡಿಯೊ ಸಹಿತ. ಕಂಪನಿಯ ಏರಿಯಾ ಟೆಕ್ನಿಕಲ್ ಎಂಜಿನಿಯರ್ ಬಂದು ನೋಡಬೇಕು ಅಂತ ಕೇಳಿ. ಇದು ವಾರಂಟಿ ಮುಗಿಯುವ ಮೊದಲೇ ಆಗಬೇಕು. ದೂರು ಅವಧಿಯೊಳಗೇ ದಾಖಲಾಗಿದ್ದರೆ ಆಮೇಲೆ ‘ವಾರಂಟಿ ಮುಗಿದಿದೆ’ ಅನ್ನುವುದು ಅವರಿಗೆ ಅಷ್ಟು ಸುಲಭ ಅಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಸಿಗುವುದಾದರೆ ತಗೊಳ್ಳಿ, ಗೇರ್‌ಬಾಕ್ಸ್ ಸೇರಿದೆಯಾ ನೋಡಿಕೊಂಡು. ಈ ಗೇರ್‌ಬಾಕ್ಸ್ ರಿಪೇರಿ ಕೈಯಿಂದ ಕೊಡುವುದಾದರೆ ಒಂದು ವರ್ಷದ ಕಾಳುಮೆಣಸಿನ ದುಡ್ಡು ಅಲ್ಲೇ ಕರಗಬಹುದು.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಾರು ಮೈಸೂರಲ್ಲಿ ತಗೊಂಡಿದ್ದರೂ ಪರವಾಗಿಲ್ಲ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ, ಶುಲ್ಕ 10ರಿಂದ 20 ಲಕ್ಷದ ಕಾರಿಗೆ 400 ರೂಪಾಯಿ. ವಕೀಲರು ಬೇಕೇ ಬೇಕು ಅಂತಿಲ್ಲ, ಗ್ರಾಹಕ ಆಯೋಗಗಳ ಆನ್‌ಲೈನ್ ಪೋರ್ಟಲ್ ಇ-ಜಾಗೃತಿಯಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತೊಂದರೆ ಶುರುವಾದಲ್ಲಿಂದ 2 ವರ್ಷದೊಳಗೆ ಕೊಡಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಹೊಸ ಕಾರೇ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅಮೆರಿಕದಲ್ಲಿ ಇರುವ ಹಾಗೆ ಇಷ್ಟು ಸಲ ರಿಪೇರಿ ಆಗದಿದ್ದರೆ ಕಾರು ವಾಪಸ್ ಅನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ. 2006ರಲ್ಲಿ ಕಾರಿನ ಕ್ಲಚ್ ದೋಷದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ದೋಷ ಇರುವ ಭಾಗ ಬದಲಿಸುವುದು ಸರಿ, ಇಡೀ ಕಾರು ಬದಲಿಸುವುದಲ್ಲ ಅಂದಿತ್ತು. ತಯಾರಿಕೆಯ ದೋಷ ಅಂತ ಸಾಬೀತು ಮಾಡಲು ತಜ್ಞರ ವರದಿಯನ್ನೂ ಆಯೋಗಗಳು ಕೇಳುತ್ತವೆ. ಬರೀ ಎಷ್ಟು ಸಲ ಹೋದೆ ಅಂತ ಎಣಿಸಿ ಹೇಳಿದರೆ ಸಾಲದು. ಹಾಗಾಗಿ ನಿಮ್ಮ ಗುರಿ ಕ್ಲಚ್ ಪ್ಯಾಕ್ ಅಥವಾ ಮೆಕಾಟ್ರಾನಿಕ್ ಪುಕ್ಕಟೆ ಬದಲಾಗುವುದು, ಆ ಕೆಲಸಕ್ಕೆ ಬೇರೆ ವಾರಂಟಿ ಸಿಗುವುದು. ಅದು ಸಿಕ್ಕು, ಆಮೇಲೂ ಇದೇ ಕಥೆಯಾದರೆ ಆಗ ಮಾರಿ.

ಅಲ್ಲಿಯವರೆಗೆ ಅಮ್ಮನನ್ನು ಕೂರಿಸಿಕೊಂಡು ಜಾತ್ರೆ ದಿನದ ಏರು, ವೀಕೆಂಡಿನ ಮಡಿಕೇರಿ ಟ್ರಾಫಿಕ್ಕು ಬೇಡ.

ಪ್ರಶ್ನೆ: ನಮ್ಮದು ಎಎಂಟಿ ಕಾರು. ಲೈನ್ ಮನೆ ಹತ್ತಿರದ ಏರಿನಲ್ಲಿ ಬ್ರೇಕ್ ಬಿಟ್ಟ ಕೂಡಲೇ ಹಿಂದಕ್ಕೆ ಜಾರುತ್ತದೆ, ಗೇರ್ ಬದಲಾಗುವಾಗ ತಲೆ ಮುಂದಕ್ಕೆ ವಾಲುತ್ತದೆ. ಇದೂ ದೋಷವೇ?
– ಓದುಗರು, ಸೋಮವಾರಪೇಟೆ

ಉತ್ತರ: ಬಹುಪಾಲು ಅದರ ಗುಣವೇ. ಎಎಂಟಿ ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸು, ಕ್ಲಚ್ ಮತ್ತು ಗೇರ್ ಹಾಕುವ ಕೆಲಸ ಮಾತ್ರ ಮೋಟಾರಿಗೆ. ಗೇರ್ ಬದಲಾಗುವಷ್ಟು ಹೊತ್ತು ಎಳೆತ ಇರಲ್ಲ, ಅದಕ್ಕೇ ವಾಲುವುದು. ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ತುಸು ಸಡಿಲಿಸಿ ನೋಡಿ, ಅರ್ಧ ಸರಿಹೋಗುತ್ತದೆ. ಹಿಲ್ ಹೋಲ್ಡ್ (ಬ್ರೇಕ್ ಬಿಟ್ಟ ಮೇಲೂ ಗಾಡಿಯನ್ನು ತುಸು ಹೊತ್ತು ಹಿಡಿದಿಡುವ ಏರ್ಪಾಡು) ಇಲ್ಲದ ಗಾಡಿಯಾದರೆ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಎಳೆತ ಬಂದ ಮೇಲೆ ಬಿಡಿ, ಹಳೇ ಜೀಪ್ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲು ಇಲ್ಲದ ವಾಲಾಟ ಈಗ ಶುರುವಾಗಿದ್ದರೆ, ಅಥವಾ ಗೇರೇ ಬೀಳದೆ ‘ಎನ್’ನಲ್ಲಿ (ನ್ಯೂಟ್ರಲ್) ಉಳಿದುಬಿಟ್ಟರೆ ಮಾತ್ರ ತೋರಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಗೇರ್‌ಬಾಕ್ಸ್ ಲೈಟ್ ಬರುತ್ತದೆ, ಬಿಸಿಯಾದ ಮೇಲೆ ಹೋಗುತ್ತದೆ. ಬೇಸಿಗೆಯಲ್ಲಿ ಬರಲೇ ಇಲ್ಲ. ಗೇರ್‌ಬಾಕ್ಸ್ ಬಿಚ್ಚಬೇಕು ಅನ್ನುತ್ತಿದ್ದಾರೆ.
– ಓದುಗರು, ಕುಶಾಲನಗರ

ಉತ್ತರ: ಬಿಚ್ಚಲು ಬಿಡಬೇಡಿ, ಮೊದಲು ವೈರಿಂಗ್ ನೋಡಲಿ. ತಣ್ಣಗೆ, ಒದ್ದೆಯಾಗಿ ಇದ್ದಾಗ ಬಂದು ಬಿಸಿಗೆ ಹೋಗುವುದು ಹೆಚ್ಚಾಗಿ ಕರೆಂಟಿನ ತೊಂದರೆ. ಕನೆಕ್ಟರ್ ಬಿಚ್ಚಿ ನೋಡಿದರೆ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ, ಅಥವಾ ರಬ್ಬರ್ ಸೀಲ್ ಜಾರಿರುತ್ತದೆ. ಅರ್ತ್ ಕೇಬಲ್ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿಸಿ. ಮತ್ತೆ ಇಲಿ! ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಬಾನೆಟ್ ಒಳಗೆ ಬಂದು ಕೂರುತ್ತವೆ, ವೈರಿನ ಮೇಲ್ಪದರ ಮಾತ್ರ ಕಡಿದಿದ್ದರೆ ಮೇಲಿನಿಂದ ಕಾಣುವುದೇ ಇಲ್ಲ. ಹಾರ್ನೆಸ್, ಅಂದರೆ ವೈರುಗಳ ಕಟ್ಟಿನ ಉದ್ದಕ್ಕೂ ಕೈಯಾಡಿಸಿ ನೋಡಬೇಕು. ಜೊತೆಗೆ ಕೇಳಿಕೊಳ್ಳಿ, ಈ ಮಳೆಯಲ್ಲಿ ನಿಂತ ನೀರಿನೊಳಗೆ ಗಾಡಿ ಇಳಿಸಿದ್ದಿರಾ? ಗೇರ್‌ಬಾಕ್ಸಿನ ಉಸಿರು ಕೊಳವೆಯಿಂದ ನೀರು ಒಳಗೆ ಹೋಗಿದ್ದರೆ ಎಣ್ಣೆ ಹಾಲು ಬೆರೆಸಿದ ಹಾಗೆ ಕಾಣುತ್ತದೆ. ಹಾಗಿದ್ದರೆ ಓಡಿಸಲೇಬೇಡಿ, ಎಣ್ಣೆ ಬದಲಿಸಿಯೇ ಮುಂದೆ.

ಪ್ರಶ್ನೆ: ಮಾಕುಟ್ಟ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ‘ಎನ್’ ಹಾಕಬಹುದಾ? ನಡುವೆ ಕೆಟ್ಟು ನಿಂತರೆ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಬಹುದಾ?
– ಓದುಗರು, ವಿರಾಜಪೇಟೆ

ಉತ್ತರ: ಎರಡೂ ಬೇಡ. ‘ಎನ್’ ಹಾಕಿದರೆ ಇಂಜಿನ್ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ, ಅದು ಬಿಸಿಯಾದರೆ ನಿಲ್ಲಿಸಲು ಏನೂ ಉಳಿಯಲ್ಲ. ಪೆಟ್ರೋಲೂ ಉಳಿಯಲ್ಲ, ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಇಂಜಿನ್‌ಗಳು ಪೆಟ್ರೋಲನ್ನೇ ನಿಲ್ಲಿಸುತ್ತವೆ. 2ನೇ ಅಥವಾ 3ನೇ ಗೇರಿಗೆ ಇಳಿಸಿಕೊಂಡು ಇಳಿಯಿರಿ. ಎಳೆಸುವ ವಿಷಯ: ಹೆಚ್ಚಿನ ಆಟೋಮ್ಯಾಟಿಕ್‌ಗಳಲ್ಲಿ ಇಂಜಿನ್ ಓಡಿದರೆ ಮಾತ್ರ ಒಳಗಿನ ಪಂಪ್ ಎಣ್ಣೆ ತಳ್ಳುತ್ತದೆ. ಡ್ರೈವ್ ಇರುವ ಚಕ್ರ ನೆಲದ ಮೇಲಿಟ್ಟು ದೂರ ಎಳೆದರೆ ಒಣಗಿದ ಬೇರಿಂಗು, ಗೇರು ಉಜ್ಜಿ ಹಾಳಾಗುತ್ತವೆ. ಪೂರ್ತಿ ಗಾಡಿಯನ್ನು ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ಡೇ ಕರೆಸಿ, ಇನ್ಶೂರೆನ್ಸಿನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಫೋನ್ ಮಾಡುವಾಗಲೇ ‘ಆಟೋಮ್ಯಾಟಿಕ್ ಗಾಡಿ, ಘಾಟಿಯಲ್ಲಿದೆ’ ಅಂತ ಹೇಳಿ, ಇಲ್ಲವಾದರೆ ಮುಂದಿನ ಚಕ್ರ ಎತ್ತುವ ಕೊಕ್ಕೆ ಗಾಡಿಯನ್ನೋ, ಹಗ್ಗವನ್ನೋ ಕಳಿಸಿಬಿಡುತ್ತಾರೆ. ಬರುವವರೆಗೆ ‘ಪಿ’ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಅಡ್ಡ ಕೊಟ್ಟು, ಹಿಂದಿನ ತಿರುವಿಗೂ ಮೊದಲೇ ತ್ರಿಕೋನದ ಬೋರ್ಡು ಇಡಿ. ಮಾಕುಟ್ಟದ ಕಾಡಿನಲ್ಲಿ ಫೋನ್ ಸಿಗ್ನಲ್ ನಂಬಿಕೊಂಡು ಕೂರಬೇಡಿ, ಹೋಗುವ ಬಸ್ಸಿನ ಡ್ರೈವರ್ ಹತ್ತಿರ ಹೇಳಿ ಕಳಿಸಿ.